ಊರಿನ ನಕ್ಷೆ ಬರೆಯುವಾಗ ನಿಮ್ಮ ಮಾತು ಸೇರುವುದು ಹೇಗೆ?

ನಿಮ್ಮ ಮನೆ ಎದುರಿನ ಖಾಲಿ ಜಾಗದಲ್ಲಿ ನಾಳೆ ಉದ್ಯಾನ ಬರುತ್ತದೆಯೋ, ಅಂಗಡಿ ಸಾಲು ಏಳುತ್ತದೆಯೋ? ಪಕ್ಕದ ರಸ್ತೆ ಇಷ್ಟೇ ಅಗಲ ಉಳಿಯುತ್ತದೆಯೋ, ಇನ್ನೂ ಅಗಲವಾಗುತ್ತದೆಯೋ? ಇವಕ್ಕೆಲ್ಲ ಉತ್ತರ ಇರುವುದು ಮಾಸ್ಟರ್ ಪ್ಲಾನ್ ಎಂಬ ನಕ್ಷೆಯಲ್ಲಿ. ಕನ್ನಡದ ಸರ್ಕಾರಿ ಕಾಗದಗಳಲ್ಲಿ ಇದಕ್ಕೆ ‘ಮಹಾಯೋಜನೆ’ ಎನ್ನುತ್ತಾರೆ. ಈ ನಕ್ಷೆ ಅಂತಿಮವಾಗುವ ಮೊದಲು ಜನರ ಮಾತು ಕೇಳಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಆ ಅವಕಾಶ ಬಹಳ ಮಂದಿಗೆ ಗೊತ್ತಾಗುವುದೇ ಇಲ್ಲ. ಗೊತ್ತಾಗುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಬಾಗಲಕೋಟೆಯ ನವನಗರದವರಿಗೆ ಇದು ಬೇರೆಯವರಿಗಿಂತ ಹತ್ತಿರದ ವಿಷಯ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಮುಳುಗುತ್ತದೆ ಎಂದಾಗ, 1983ರ ಕಾಯ್ದೆಯಡಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಅಂದರೆ ನಾವೆಲ್ಲ ಬಿಟಿಡಿಎ ಎನ್ನುವ ಕಚೇರಿ ಹುಟ್ಟಿತು. ಹೊಸ ಊರಾದ ನವನಗರದ ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಸೆಕ್ಟರುಗಳು, ಅವುಗಳೊಳಗೆ ಬಯಲು ಜಾಗ, ನಡೆದುಹೋಗಬಹುದಾದ ದಾರಿಗಳು, ಎಲ್ಲವೂ ಮೊದಲು ಕಾಗದದ ಮೇಲೆ ಬಂದವು. ಜನ ಆಮೇಲೆ ಬಂದರು. ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿಯ ಹೆಸರಲ್ಲಿ ಗುರುತಿಸಿಕೊಂಡಿದ್ದವರು ಸೆಕ್ಟರ್ ನಂಬರಿನವರಾದರು. ಮನೆ ಬಿಟ್ಟುಕೊಟ್ಟವರು ಇಲ್ಲಿಯ ಜನ. ಊರು ಮುಂದೆ ಹೇಗಿರಬೇಕು ಎಂದು ಹೇಳುವ ಮೊದಲ ಹಕ್ಕೂ ಅವರದೇ ಎಂದು ನಾನು ನಂಬುತ್ತೇನೆ.

ಮಹಾಯೋಜನೆ ಎಂದರೆ ಬಣ್ಣ ಹಚ್ಚಿದ ದೊಡ್ಡ ನಕ್ಷೆ, ಜೊತೆಗೊಂದು ವರದಿ, ಮತ್ತೆ ವಲಯ ನಿಯಮಾವಳಿ. ವಲಯ ನಿಯಮಾವಳಿಯನ್ನೇ ಕಚೇರಿಯಲ್ಲಿ ಝೋನಿಂಗ್ ರೆಗ್ಯುಲೇಷನ್ ಎನ್ನುತ್ತಾರೆ. ಎಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ, ಎಷ್ಟು ಜಾಗ ಬಿಡಬೇಕು ಎಂಬುದು ಅದರಲ್ಲಿರುತ್ತದೆ. ನಕ್ಷೆ ಓದಲು ಬಣ್ಣ ತಿಳಿದರೆ ಅರ್ಧ ಕೆಲಸ ಆದಂತೆ. ನಮ್ಮ ರಾಜ್ಯದ ನಕ್ಷೆಗಳಲ್ಲಿ ಹಳದಿ ಎಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಉಪಯೋಗ, ಹಸಿರು ಉದ್ಯಾನ ಮತ್ತು ಬಯಲು. ಮೂಲೆಯಲ್ಲಿರುವ ಸೂಚಿಯನ್ನು ಒಮ್ಮೆ ನೋಡಿ ಖಚಿತ ಮಾಡಿಕೊಳ್ಳಿ. ನಿಮ್ಮ ಮಕ್ಕಳು ಆಡುವ ಮೈದಾನ ನಕ್ಷೆಯಲ್ಲಿ ನೀಲಿಯಾಗಿದ್ದರೆ ಎಚ್ಚರವಾಗಬೇಕಾದದ್ದು ಅಲ್ಲೇ.

ಈಗ ನಡೆಯುವ ಕ್ರಮ ನೋಡೋಣ. ಇದೆಲ್ಲ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಡಿ ನಡೆಯುತ್ತದೆ. ಯೋಜನಾ ಪ್ರಾಧಿಕಾರ ಮೊದಲು ಸರ್ವೆ ಮಾಡಿಸುತ್ತದೆ, ಕರಡು ನಕ್ಷೆ ತಯಾರಿಸುತ್ತದೆ. ಕರಡು ಸರ್ಕಾರಕ್ಕೆ ಹೋಗಿ ತಾತ್ಕಾಲಿಕ ಒಪ್ಪಿಗೆ ಪಡೆದು ಮರಳುತ್ತದೆ. ಆಮೇಲೆ ಪ್ರಾಧಿಕಾರ ಅಧಿಸೂಚನೆ ಹೊರಡಿಸಿ ಅದನ್ನು ಪ್ರಕಟಿಸಬೇಕು. ಪ್ರಕಟವಾದ ದಿನದಿಂದ 60 ದಿನ ನಿಮ್ಮ ಕಾಲ. ಈ 60 ದಿನದೊಳಗೆ ಸಾರ್ವಜನಿಕರಲ್ಲಿ ಯಾರಾದರೂ ಬರವಣಿಗೆಯಲ್ಲಿ ಅಭಿಪ್ರಾಯ ಕೊಟ್ಟರೆ ಪ್ರಾಧಿಕಾರ ಅದನ್ನು ಪರಿಶೀಲಿಸಿ, ಬೇಕಾದ ತಿದ್ದುಪಡಿಯ ಶಿಫಾರಸಿನೊಂದಿಗೆ ಮತ್ತೆ ಸರ್ಕಾರಕ್ಕೆ ಕಳಿಸಬೇಕು. ಅಂತಿಮ ಒಪ್ಪಿಗೆ ಸಿಗುವುದು ಅದಾದ ಮೇಲೆ. ಹತ್ತು ವರ್ಷಕ್ಕೊಮ್ಮೆಯಾದರೂ ಹೊಸ ಸರ್ವೆ ಮಾಡಿ ಯೋಜನೆ ಪರಿಷ್ಕರಿಸಬೇಕು ಎಂದೂ ಕಾಯ್ದೆಯಲ್ಲಿದೆ.

‘ಯಾರಾದರೂ’ ಎಂದರೆ ಯಾರಾದರೂ. ಸ್ವಂತ ಮನೆ ಇರಬೇಕಿಲ್ಲ, ಬಾಡಿಗೆದಾರರೂ ಬರೆಯಬಹುದು. ಸಂಘ ನೋಂದಣಿ ಆಗಿರಬೇಕು ಎಂದೂ ಇಲ್ಲ. ವಕೀಲರು ಬೇಡ. ಇಂಗ್ಲಿಷ್ ಬೇಡ, ಕನ್ನಡದಲ್ಲೇ ಬರೆಯಿರಿ.

ಇನ್ನೊಂದು ಬಾಗಿಲು ಚಿಕ್ಕದು, ಆದರೆ ಹೆಚ್ಚು ಸಲ ತೆರೆಯುತ್ತದೆ. ಯೋಜನೆ ಜಾರಿಯಾದ ಮೇಲೆ ಯಾವುದೋ ಒಂದು ಜಾಗದ ಬಳಕೆಯನ್ನು ಬದಲಿಸಬೇಕಾದರೆ, ಉದಾಹರಣೆಗೆ ವಸತಿಯನ್ನು ವಾಣಿಜ್ಯ ಮಾಡಬೇಕಾದರೆ, ಕಲಂ 14-ಎ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಇದಕ್ಕೆ ಸಿಗುವ ಕನಿಷ್ಠ ಅವಧಿ 15 ದಿನ. ಈ ಪ್ರಕಟಣೆಗಳು ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತವೆ. ಸೆಕ್ಟರಿನಲ್ಲಿ ದಿನಾ ಪತ್ರಿಕೆ ಓದುವ ನಿವೃತ್ತ ಮಾಸ್ತರರೊಬ್ಬರಿಗೆ ಈ ಕೆಲಸ ಒಪ್ಪಿಸಿ. ಸರ್ವೆ ನಂಬರ್ ಅಥವಾ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಕಂಡ ಕೂಡಲೇ ಫೋಟೊ ತೆಗೆದು ಸೆಕ್ಟರಿನವರ ಮೊಬೈಲ್ ಗುಂಪಿಗೆ ಹಾಕಿದರೆ ಸಾಕು.

ಮಹಾಯೋಜನೆಗೆ ಸಿಗುವ 60 ದಿನ ಬಹಳ ಎನಿಸಬಹುದು. ಆದರೆ ಸುದ್ದಿ ತಿಳಿದು, ಜನ ಸೇರಿ, ನಕ್ಷೆ ನೋಡಿ, ಬರೆಯುವಷ್ಟರಲ್ಲಿ ಅದು ಕರಗಿಹೋಗುತ್ತದೆ. ಹಾಗಾಗಿ ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ನೋಟಿಸ್ ಬರುವ ಮೊದಲೇ ನಿಮ್ಮ ಸೆಕ್ಟರಿನ ನಕ್ಷೆ ನಿಮ್ಮ ಕೈಯಲ್ಲಿ ಸಿದ್ಧವಿರಲಿ. ಹೊಸ ಯೋಜನೆಗೆ ಸರ್ವೆ ಶುರುವಾದ ಸುದ್ದಿ ಸಿಕ್ಕ ದಿನವೇ ಅದರ ಒಂದು ಪ್ರತಿಯನ್ನು ಪ್ರಾಧಿಕಾರಕ್ಕೆ ಕೊಟ್ಟುಬಿಡಿ. ಕರಡಿನಲ್ಲಿ ಬಂದದ್ದನ್ನು ತೆಗೆಸುವುದಕ್ಕಿಂತ ಬೇಕಾದದ್ದು ಕರಡಿನಲ್ಲೇ ಬರುವಂತೆ ಮಾಡುವುದು ಸುಲಭ.

ನಕ್ಷೆ ಮಾಡುವುದು ಕಷ್ಟವಲ್ಲ. ಸೆಕ್ಟರಿನ ಲೇಔಟ್ ನಕ್ಷೆಯ ಪ್ರತಿ ತೆಗೆದುಕೊಂಡು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ. ಬಿಸಿಲೇರುವ ಮೊದಲು ಎಂಟು ಹತ್ತು ಮಂದಿ ಅದನ್ನು ಹಿಡಿದು ಒಂದು ಸುತ್ತು ನಡೆಯಿರಿ. ಮಳೆ ಬಂದರೆ ನೀರು ನಿಲ್ಲುವುದೆಲ್ಲಿ, ಚರಂಡಿ ಕಟ್ಟಿಕೊಳ್ಳುವುದೆಲ್ಲಿ, ಮಕ್ಕಳು ಶಾಲೆಗೆ ರಸ್ತೆ ದಾಟುವುದೆಲ್ಲಿ, ಕಾಯಿಪಲ್ಲೆ ಗಾಡಿ ನಿಲ್ಲುವುದೆಲ್ಲಿ, ನೆರಳು ಕೊಡುವ ಬೇವಿನ ಮರ ಯಾವುದು, ಸಂಜೆ ಹಿರಿಯರು ಕೂಡುವ ಕಟ್ಟೆ ಯಾವುದು, ಎಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಉದ್ಯಾನಕ್ಕೆ ಬಿಟ್ಟ ಜಾಗ, ಸಿಎ ಸೈಟ್ ಅಂದರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ ನಿವೇಶನ, ಇವು ಈಗ ಹೇಗಿವೆ ಎಂದು ಪಕ್ಕದಲ್ಲೇ ಬರೆಯಿರಿ. ಹೆಣ್ಣುಮಕ್ಕಳನ್ನು ಬಿಟ್ಟು ಈ ಸುತ್ತು ಹಾಕಬೇಡಿ. ಬೆಳಗ್ಗೆ ರೊಟ್ಟಿ ಬಡಿಯುವ ಹೊತ್ತಾದರೆ ಅವರಿಗಾಗಿ ಸಂಜೆ ಇನ್ನೊಂದು ಸುತ್ತು ಇಡಿ. ಯಾವ ದಾರಿಯಲ್ಲಿ ದೀಪವಿಲ್ಲ, ಎಲ್ಲಿ ನಡೆಯಲು ಹೆದರಿಕೆ ಎಂದು ಸರಿಯಾಗಿ ಹೇಳುವವರು ಅವರೇ.

ಜನ ಸೇರುತ್ತಾರೆಯೇ ಎಂಬ ಅನುಮಾನ ಬೇಡ. ಬಾಗಲಕೋಟೆಯ ಹೋಳಿ ನೋಡಿದವರಿಗೆ ಗೊತ್ತು. ಹಲಗೆ ಮೇಳ, ಬಣ್ಣದ ಬಂಡಿಗಳ ಮೆರವಣಿಗೆ, ಯಾವ ದಿನ ಯಾವ ಓಣಿಯ ಸರದಿ, ಇದನ್ನೆಲ್ಲ ಓಣಿಯವರೇ ಕೂತು ನಡೆಸಿಕೊಂಡು ಬಂದಿದ್ದಾರೆ. ಹಬ್ಬಕ್ಕೆ ಇಷ್ಟು ಅಚ್ಚುಕಟ್ಟಾಗಿ ಸೇರುವ ಜನ ನಕ್ಷೆಗೂ ಸೇರಬಲ್ಲರು.

ಅರ್ಜಿ ಬರೆಯುವಾಗ ‘ನಮ್ಮ ಏರಿಯಾ ಅಭಿವೃದ್ಧಿ ಮಾಡಿ’ ಎಂದು ಬರೆಯಬೇಡಿ. ಅದಕ್ಕೆ ಯಾವ ಅಧಿಕಾರಿಯಿಂದಲೂ ಏನೂ ಮಾಡಲಾಗದು. ಜಾಗದ ಗುರುತು, ನಕ್ಷೆಯಲ್ಲಿ ಏನಿದೆ, ನೆಲದ ಮೇಲೆ ಏನಿದೆ, ಏನಾಗಬೇಕು, ಏಕೆ, ಈ ಐದು ಇರಲಿ. ಉದಾಹರಣೆಗೆ: ‘ಇಂಥ ಸೆಕ್ಟರಿನ ಇಂಥ ನಿವೇಶನವನ್ನು ಕರಡಿನಲ್ಲಿ ವಾಣಿಜ್ಯ ಎಂದು ತೋರಿಸಿದೆ. ಮೂಲ ಲೇಔಟ್‌ನಲ್ಲಿ ಅದು ಉದ್ಯಾನ. ಸುತ್ತಲಿನ ಮನೆಗಳ ಮಕ್ಕಳಿಗೆ ಹತ್ತಿರದಲ್ಲಿ ಬೇರೆ ಬಯಲಿಲ್ಲ. ಉದ್ಯಾನವೆಂದೇ ಉಳಿಸಬೇಕು.’ ಜೊತೆಗೆ ಎರಡು ಫೋಟೊ, ಗುರುತು ಹಾಕಿದ ನಕ್ಷೆಯ ತುಣುಕು. ಒಂದೇ ಅರ್ಜಿಯ ಇನ್ನೂರು ಜೆರಾಕ್ಸ್‌ಗಿಂತ ಬೇರೆ ಬೇರೆ ಸಂಗತಿ ಹೇಳುವ ಹತ್ತು ಅರ್ಜಿಗಳು ಹೆಚ್ಚು ತೂಗುತ್ತವೆ ಎಂಬುದು ನನ್ನ ಅಭಿಪ್ರಾಯ. ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಬರಬೇಡಿ.

‘ಕೊಟ್ಟರೆ ಪ್ರಾಧಿಕಾರ ಒಪ್ಪಲೇಬೇಕೇ?’ ಇಲ್ಲ. ಪರಿಶೀಲಿಸಲೇಬೇಕು, ಒಪ್ಪಲೇಬೇಕು ಎಂದಿಲ್ಲ. ಇಂಗ್ಲೆಂಡಿನಲ್ಲಿ 2011ರ ಲೋಕಲಿಸಂ ಕಾಯ್ದೆ ಬಂದ ಮೇಲೆ ನೆರೆಹೊರೆಯವರೇ ಯೋಜನೆ ಬರೆದು ಜನಮತಕ್ಕೆ ಹಾಕಬಹುದು. ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಅದಕ್ಕೆ ಕಾನೂನಿನ ಬಲ ಬರುತ್ತದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ವಾರ್ಡ್ ಸಮಿತಿಯನ್ನೂ ಸಂವಿಧಾನ ಕಡ್ಡಾಯ ಮಾಡಿರುವುದು 3 ಲಕ್ಷ ಜನಸಂಖ್ಯೆಯ ನಗರಗಳಿಂದ ಮೇಲಕ್ಕೆ. 2011ರ ಜನಗಣತಿಯಲ್ಲಿ ಬಾಗಲಕೋಟೆಯದು ಸುಮಾರು 1.12 ಲಕ್ಷ. ಹಾಗೆಂದು ನಿಮ್ಮ ಕಾಗದಕ್ಕೆ ಬೆಲೆ ಇಲ್ಲವೆಂದಲ್ಲ. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಉದ್ಯಾನದ ವಿಷಯದಲ್ಲಿ ಪ್ರಶ್ನಿಸುವ ಹಕ್ಕು ಬಡಾವಣೆಯ ಜನರಿಗಿದೆ ಎಂದು ಒಪ್ಪಿತು. ನಾಳೆ ನಿಮಗೆ ಅಂಥ ಪ್ರಸಂಗ ಬಂದರೆ, ಅವಧಿಯೊಳಗೆ ಆಕ್ಷೇಪಿಸಿದ್ದೀರಿ ಎಂಬುದಕ್ಕೆ ಆ ಸೀಲು ಬಿದ್ದ ಪ್ರತಿಯೇ ಸಾಕ್ಷಿ.

ನಮ್ಮ ಜಿಲ್ಲೆಯ ಬಾದಾಮಿಯವರಿಗೆ ಮಹಾಯೋಜನೆಯ ಜೊತೆಗೆ ಇನ್ನೊಂದು ನಿಯಮವಿದೆ. ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಂತೂ ಗುಡಿ, ಮನೆ ಒಂದಕ್ಕೊಂದು ಅಂಟಿಕೊಂಡಿವೆ. ಇಂಥ ಸ್ಮಾರಕದ ಸುತ್ತಲಿನ ಕಟ್ಟಡಗಳಿಗೆ ಅನ್ವಯಿಸುವ ಕರಡು ಪಾರಂಪರಿಕ ಉಪವಿಧಿ (ಹೆರಿಟೇಜ್ ಬೈ-ಲಾ) ಪ್ರಕಟವಾದಾಗಲೂ ಆಕ್ಷೇಪಣೆ ಕೊಡಬಹುದು. ಐಹೊಳೆಯಂಥ ಹಳ್ಳಿಗಳಲ್ಲಿ ವಾರ್ಡ್ ಸಭೆ, ಗ್ರಾಮ ಸಭೆಗಳ ಬಲವೂ ಇದೆ. ಅಲ್ಲಿ ಹೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ಓದಿಸಿ ನೋಡಿ. ಇಳಕಲ್ಲಿನಲ್ಲಿ ಮನೆಯೊಳಗೇ ಮಗ್ಗ ಹೂಡಿದವರು, ವಸತಿ ವಲಯದಲ್ಲಿ ಗೃಹ ಕೈಗಾರಿಕೆಗೆ ಏನೇನು ಅವಕಾಶವಿದೆ ಎಂಬ ಸಾಲನ್ನು ಹುಡುಕಿ ಓದಬೇಕು. ಅದು ಅವರ ಹೊಟ್ಟೆಪಾಡಿನ ಸಾಲು.

ಖರ್ಚು ಬಹಳ ಇಲ್ಲ. ಆಕ್ಷೇಪಣೆ ಸಲ್ಲಿಸಲು ಕಾಯ್ದೆಯಲ್ಲಿ ಶುಲ್ಕವಿಲ್ಲ. ಜೆರಾಕ್ಸ್, ಫೋಟೊ ಪ್ರಿಂಟ್, ಅಷ್ಟೇ. ಜಾರಿಯಲ್ಲಿರುವ ಯೋಜನೆಯ ಪ್ರತಿಯನ್ನು ಸಾರ್ವಜನಿಕರು ನೋಡಲು ಪ್ರಾಧಿಕಾರದ ಕಚೇರಿಯಲ್ಲಿ ಇಡಬೇಕು, ಹೋಗಿ ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಸಂಘ ನೋಂದಾಯಿಸಬೇಕೆನಿಸಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸಾಕು.

ಯಾವ ಕಚೇರಿಗೆ ಹೋಗಬೇಕು ಎಂಬುದೇ ಹಲವರ ಗೊಂದಲ. ಪುನರ್ವಸತಿ ನಿವೇಶನ, ಸೆಕ್ಟರ್ ಲೇಔಟ್ ನಕ್ಷೆಗಳಿಗೆ ನವನಗರದ ಬಿಟಿಡಿಎ. ಸುತ್ತಲಿನ ಬಡಾವಣೆಗಳು, ಭೂಬಳಕೆ ಬದಲಾವಣೆ ಎಂದರೆ ಬಾಗಲಕೋಟೆ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಬುಡಾ. ಇಳಕಲ್ಲಿನವರು ನಗರಸಭೆಯಲ್ಲಿ, ಬಾದಾಮಿ ಮತ್ತು ಹುನಗುಂದದವರು ಪುರಸಭೆಯಲ್ಲಿ ತಮ್ಮ ಊರಿನ ಯೋಜನಾ ಪ್ರಾಧಿಕಾರ ಯಾವುದು ಎಂದು ಕೇಳಿ, ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಜಿಲ್ಲಾ ಕಚೇರಿಯಲ್ಲೂ ವಿಚಾರಿಸಿ. ಯಾರ ವ್ಯಾಪ್ತಿ ಎಂದು ಅನುಮಾನವಿದ್ದರೆ ಸರ್ವೆ ನಂಬರ್ ಬರೆದು ಲಿಖಿತವಾಗಿಯೇ ಕೇಳಿ. ಉತ್ತರ ಬರುವವರೆಗೆ ಕಾಯದೆ, ಅವಧಿ ಮೀರುವ ಮೊದಲು ಅದೇ ಆಕ್ಷೇಪಣೆಯನ್ನು ಅನುಮಾನವಿರುವ ಎರಡೂ ಕಚೇರಿಗೆ ಕೊಟ್ಟು ಎರಡೂ ಕಡೆ ಸ್ವೀಕೃತಿ ಪಡೆಯಿರಿ.