ಸೊನ್ನೆ ತೋರಿಸುವ ಯಂತ್ರವನ್ನು ನಂಬಬಹುದೇ?

ಮ್ಯಾನ್‌ಹೋಲಿನ ಮುಚ್ಚಳ ತೆಗೆದಿದೆ. ಅಂಗೈಯಗಲದ ಯಂತ್ರವೊಂದನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟು, ಸ್ವಲ್ಪ ಹೊತ್ತಿನ ನಂತರ ಮೇಲೆತ್ತುತ್ತಾರೆ. ಅದು ಕೂಗಿಲ್ಲ, ವಿಷಾನಿಲದ ಎದುರು ಸೊನ್ನೆ ಕಾಣುತ್ತದೆ. ಕಾರ್ಮಿಕ ಕೆಳಗಿಳಿಯಲು ಇಷ್ಟು ಸಾಕೇ?

ಸಾಲದು. ಸೊನ್ನೆಗೆ ಎರಡು ಅರ್ಥಗಳುಂಟು. ಗುಂಡಿಯಲ್ಲಿ ವಿಷಾನಿಲ ಇಲ್ಲದಿರಬಹುದು. ಇಲ್ಲವೇ ಯಂತ್ರದ ಮೂಗೇ ಸತ್ತಿರಬಹುದು. ನೋಡುವವರ ಕಣ್ಣಿಗೆ ಎರಡೂ ಒಂದೇ.

ಮನುಷ್ಯನ ಮೂಗನ್ನಂತೂ ನೆಚ್ಚುವಂತಿಲ್ಲ. ಒಳಚರಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 100 ಪಾಲು, ಅಂದರೆ 100 ಪಿಪಿಎಂ ಮುಟ್ಟಿದರೆ, ಕೆಲವೇ ನಿಮಿಷಗಳಲ್ಲಿ ವಾಸನೆ ಹಿಡಿಯುವ ಶಕ್ತಿಯೇ ಉಡುಗುತ್ತದೆ. ವಾಸನೆ ಹೋಯಿತೆಂದು ಸಮಾಧಾನಪಡುವ ಹೊತ್ತಿಗೆ ಅಪಾಯ ಹೆಚ್ಚಿರುತ್ತದೆ. ಕಾರ್ಬನ್ ಮಾನಾಕ್ಸೈಡಿಗಂತೂ ವಾಸನೆಯೇ ಇಲ್ಲ.

ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಹಿಂದೆ ಕೆನರಿ ಹಕ್ಕಿಯ ಪಂಜರ ಒಯ್ಯುತ್ತಿದ್ದರು. ಹಕ್ಕಿಗಳ ಬದಲು ಯಂತ್ರಗಳನ್ನು ತರುವ ತೀರ್ಮಾನವಾದದ್ದು 1986ರಲ್ಲಿ. ಹಕ್ಕಿ ತಾನು ಒರಗಿ ಗಣಿಗಾರರನ್ನು ಎಚ್ಚರಿಸುತ್ತಿತ್ತು. ಯಂತ್ರದ ಸೆನ್ಸರ್ ಹಾಗಲ್ಲ, ಸದ್ದಿಲ್ಲದೆ ಸಾಯಬಲ್ಲದು. ವಿಷಾನಿಲ ಅಳೆಯುವ ಪುಟ್ಟ ಕೋಶಗಳು ಬಳಸದೆ ಇಟ್ಟರೂ ಕಾಲಕ್ರಮೇಣ ಶಕ್ತಿಗುಂದುತ್ತವೆ. ಮೀಥೇನಿನಂಥ ಉರಿಯುವ ಅನಿಲವನ್ನು ಗುರುತಿಸುವ ಬಿಸಿ ಮಣಿಗೆ ಸಿಲಿಕೋನ್ ಆವಿ ತಗುಲಿದರೆ ಅದು ಮಂಕಾಗುತ್ತದೆ. ಹೊಳಪಿಗೆಂದು ಹಚ್ಚುವ ಕೆಲವು ಪಾಲಿಶ್‌ಗಳಲ್ಲಿ ಈ ಸಿಲಿಕೋನ್ ಇರುತ್ತದೆ.

ಅಂಗಡಿಯ ತಕ್ಕಡಿಯನ್ನು ಮುದ್ರೆಯೊತ್ತಿದ ಬಟ್ಟು ಇಟ್ಟು ಪರೀಕ್ಷಿಸುವಂತೆ, ಈ ಯಂತ್ರವನ್ನು ಪರೀಕ್ಷಿಸಲು ಅಳೆದು ತುಂಬಿದ ಅನಿಲದ ಸಿಲಿಂಡರು ಬೇಕು. ಮೊದಲು ಶುದ್ಧ ಗಾಳಿಯಿರುವ ಬಯಲಿನಲ್ಲಿ ಯಂತ್ರ ಚಾಲು ಮಾಡಿ ಸೊನ್ನೆ ಹೊಂದಿಸಬೇಕು. ಆಗ ಆಮ್ಲಜನಕ ಶೇ 20.9 ಇರಬೇಕು, ಉಳಿದವೆಲ್ಲ ಸೊನ್ನೆ. ಹೊಗೆಯುಗುಳುವ ಲಾರಿಯ ಪಕ್ಕ ನಿಂತು ಈ ಕೆಲಸ ಮಾಡಿದರೆ, ಯಂತ್ರ ಆ ಹೊಗೆಯನ್ನೇ ಶುದ್ಧ ಗಾಳಿಯೆಂದು ಕಲಿತುಬಿಡುತ್ತದೆ!

ನಂತರ ಸಿಲಿಂಡರಿನ ಅನಿಲ ಹಾಯಿಸಬೇಕು. ಅದರ ಚೀಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ 25 ಪಿಪಿಎಂ ಎಂದಿದ್ದರೆ ಯಂತ್ರವೂ ಅಷ್ಟನ್ನೇ ಹೇಳಬೇಕು. ತಪ್ಪಿದರೆ ಆ ಅಂಕಿಗೆ ಹೊಂದಿಸಬೇಕು. ಇದೇ ಕ್ಯಾಲಿಬ್ರೇಷನ್. ಹೊಂದದಿದ್ದರೆ ಸೆನ್ಸರ್ ಬದಲಿಸದೆ ಗತ್ಯಂತರವಿಲ್ಲ. ಅವಧಿ ಮುಗಿದ ಸಿಲಿಂಡರು ಸವೆದ ಬಟ್ಟಿನಂತೆ. ಅದರಿಂದ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ.

ಕ್ಯಾಲಿಬ್ರೇಷನ್ ತಯಾರಕರು ಹೇಳಿದ ಅವಧಿಗೊಮ್ಮೆ ಆಗಬೇಕು. ಆದರೆ ದಿನದ ಕೆಲಸಕ್ಕೆ ಮುನ್ನ ತುಸು ಅನಿಲ ಹಾಯಿಸಿ, ಯಂತ್ರ ಕೂಗುತ್ತದೆಯೇ ಎಂದು ನೋಡುವ ‘ಬಂಪ್ ಟೆಸ್ಟ್’ ತಪ್ಪಿಸುವಂತಿಲ್ಲ. ಅದು ಒಂದೆರಡು ನಿಮಿಷದ ಕೆಲಸ.

ರಕ್ಷಣಾ ಸಲಕರಣೆಯಿಲ್ಲದೆ ಜನರನ್ನು ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು. ಆ ಹಣ ಹೋದ ಜೀವವನ್ನು ತಂದುಕೊಡುವುದಿಲ್ಲ. ಸಲಕರಣೆ ಕೈಗೆ ಬಂದರೂ, ಇಳಿಯುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ: ‘ಸ್ವಾಮಿ, ಇವತ್ತು ಬೆಳಿಗ್ಗೆ ಇದು ಕೂಗಿತೇ?’