ಬಚ್ಚಲುಮನೆಯ ನವೀಕರಣ: ಟೈಲ್ಸ್ ಮುಚ್ಚುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸಬೇಕೆಂದು ಹೊರಟವರು ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ಬಣ್ಣ, ವಿನ್ಯಾಸ, ನಲ್ಲಿಯ ಹೊಳಪು ಇವುಗಳ ಚರ್ಚೆಯಲ್ಲೇ ವಾರಗಳು ಕಳೆಯುತ್ತವೆ. ಆದರೆ ಬಚ್ಚಲುಮನೆ ಇಪ್ಪತ್ತು ವರ್ಷ ಬಾಳುತ್ತದೆಯೋ ಎರಡೇ ವರ್ಷಕ್ಕೆ ಸೋರುತ್ತದೆಯೋ ಎಂಬುದು ಟೈಲ್ಸ್‌ನ ಕೆಳಗೆ ಅಡಗಿರುವ ಕೆಲಸವನ್ನು ಅವಲಂಬಿಸಿದೆ. ಒಮ್ಮೆ ಮುಚ್ಚಿದ ಮೇಲೆ ಅದನ್ನು ನೋಡುವಂತಿಲ್ಲ. ಆದ್ದರಿಂದ ಮುಚ್ಚುವ ಮುನ್ನವೇ ಪರೀಕ್ಷಿಸಬೇಕು. ಇದಕ್ಕೆ ಬೇಕಾದ ಭೌತವಿಜ್ಞಾನ ಪಿ.ಯು.ಸಿ. ಮಟ್ಟದ್ದು ಮಾತ್ರ.

ಈ ಪಾಠವನ್ನು ನಾನು ಕಲಿತದ್ದು ಸ್ವಲ್ಪ ದುಬಾರಿಯಾಗಿಯೇ. ನಮ್ಮ ಮನೆಯ ಮೊದಲ ಮಹಡಿಯ ಬಚ್ಚಲುಮನೆ 1996ರಲ್ಲಿ ಕಟ್ಟಿದ್ದು. 2015ರ ವೇಳೆಗೆ ಪಕ್ಕದ ಕೋಣೆಯ ಗೋಡೆ ನೆಲದಿಂದ ಒಂದೂವರೆ ಅಡಿ ಎತ್ತರದವರೆಗೆ ತೇವಗೊಂಡು ಬಣ್ಣ ಉದುರತೊಡಗಿತು. ಆಗ ಬಂದ ಗುತ್ತಿಗೆದಾರರು ಹಳೆಯ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಅಂಟಿಸುವ ಸಲಹೆ ಕೊಟ್ಟರು. ಖರ್ಚು ಕಡಿಮೆ, ನಾಲ್ಕೇ ದಿನದ ಕೆಲಸವೆಂದು ನಾನೂ ಒಪ್ಪಿದೆ. ಕೆಲವು ವರ್ಷಗಳಲ್ಲಿ ತೇವ ಕೆಳಗಿನ ಅಡುಗೆಮನೆಯ ಸ್ವಿಚ್ ಬೋರ್ಡ್‌ವರೆಗೂ ಇಳಿಯಿತು. ಎಂಬತ್ತು ದಾಟಿದ ನಮ್ಮ ತಾಯಿ ಒಂದು ಬೆಳಿಗ್ಗೆ ದೀಪ ಹಾಕಲು ಹೋದಾಗ ಕೈ ಜುಮ್ಮೆಂದಿತು. ಅದೃಷ್ಟವಶಾತ್ ಹೆಚ್ಚಿನ ಅಪಾಯವಾಗಲಿಲ್ಲ. 2023ರಲ್ಲಿ ಎಲ್ಲವನ್ನೂ ಒಡೆದು ಮೊದಲಿನಿಂದ ಮಾಡಿಸಿದೆವು.

ನೀರು ಮೇಲಕ್ಕೆ ಹತ್ತುವುದು ಹೇಗೆ?

ನೆಲದಲ್ಲಿ ಸೋರಿದ ನೀರು ಗೋಡೆಯಲ್ಲಿ ಮೇಲೇರಲು ಕಾರಣ ಲೋಮನಾಳತೆ. ಇಟ್ಟಿಗೆ, ಗಾರೆ, ಟೈಲ್ಸ್ ಸಂದುಗಳಿಗೆ ತುಂಬುವ ಸಿಮೆಂಟು ಎಲ್ಲದರಲ್ಲೂ ಸೂಕ್ಷ್ಮ ರಂಧ್ರಗಳಿವೆ. ನಾಳದ ತ್ರಿಜ್ಯ 1 ಮಿಲಿಮೀಟರ್ ಇದ್ದರೆ ನೀರು ಸುಮಾರು 15 ಮಿ.ಮೀ. ಏರುತ್ತದೆ. ತ್ರಿಜ್ಯ ನೂರರಲ್ಲೊಂದು ಪಾಲಾದರೆ ಏರಿಕೆ ನೂರು ಪಟ್ಟು, ಅಂದರೆ ಸುಮಾರು ಒಂದೂವರೆ ಮೀಟರ್. ಗೋಡೆಯ ಮೇಲ್ಮೈಯಿಂದ ನೀರು ಆವಿಯಾಗುತ್ತಲೂ ಇರುವುದರಿಂದ ವಾಸ್ತವದಲ್ಲಿ ಅದು ಇನ್ನೂ ಕೆಳಗೇ ನಿಲ್ಲುತ್ತದೆ. ಟೈಲ್ಸ್ ನೀರನ್ನು ತಡೆದರೂ ಸಂದುಗಳು ಪೂರ್ತಿ ತಡೆಯುವುದಿಲ್ಲ. ಜಲನಿರೋಧಕ ಪದರವೇನಿದ್ದರೂ ಟೈಲ್ಸ್‌ನ ಅಡಿಯಲ್ಲಿರಬೇಕು. ಇಲ್ಲವಾದರೆ ನೀರು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕಿನ ಗಾತ್ರ ಕಬ್ಬಿಣದ ಗಾತ್ರಕ್ಕಿಂತ ಹೆಚ್ಚಾದ್ದರಿಂದ ಅದು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ.

ಕರಾರು ಬರೆಯುವಾಗ

ಈ ಬಾರಿ ಗುತ್ತಿಗೆದಾರರೊಂದಿಗೆ ಬಾಯಿಮಾತಿನ ಬದಲು ಎರಡು ಪುಟದ ಕರಾರು ಮಾಡಿಕೊಂಡೆವು. ಒಡೆಯುವುದು, ಕಸ ಸಾಗಿಸುವುದು, ಕೊಳವೆ, ಜಲನಿರೋಧಕ ಲೇಪ, ಟೈಲ್ಸ್, ವಿದ್ಯುತ್ ಹೀಗೆ ಪ್ರತಿ ಕೆಲಸಕ್ಕೂ ಬೇರೆ ಬೇರೆ ದರ. ಅಳತೆಯನ್ನು ಇಬ್ಬರೂ ಸೇರಿ ಮಾಡಿದೆವು. ಕೋಣೆ 8 ಅಡಿ ಉದ್ದ, 5 ಅಡಿ ಅಗಲ. ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ ಟೈಲ್ಸ್ ಹಾಕಿದರೆ 182 ಚದರ ಅಡಿ. ಎರಡೂವರೆ ಅಡಿ ಅಗಲದ ಬಾಗಿಲಿಗೆ 17.5 ಕಳೆದು, ನೆಲದ 40 ಸೇರಿಸಿದರೆ 204.5. ಕತ್ತರಿಸುವಾಗ ಹಾಳಾಗುವುದಕ್ಕೆ ಶೇಕಡ 10 ಸೇರಿಸಿದರೆ ಸುಮಾರು 225 ಚದರ ಅಡಿ. ಈ ಲೆಕ್ಕವನ್ನು ನೀವೇ ಮಾಡಿಕೊಂಡರೆ ಮುಂದೆ ವಾದಕ್ಕೆ ಆಸ್ಪದವಿರುವುದಿಲ್ಲ.

ಇನ್ನೊಂದು ಮುಖ್ಯ ಷರತ್ತು: ಹಣದ ಕಂತುಗಳನ್ನು ದಿನಗಳಿಗೆ ಬದಲಾಗಿ ಪರೀಕ್ಷೆಗಳಿಗೆ ಜೋಡಿಸಿದೆವು. ಒಂದು ಪರೀಕ್ಷೆ ಮುಗಿದರೆ ಒಂದು ಕಂತು. ಕೊನೆಯ ಹತ್ತನೇ ಒಂದು ಭಾಗ, ಒಂದು ತಿಂಗಳು ಬಳಸಿ ನೋಡಿದ ಮೇಲೆ.

ಮೊದಲ ಪರೀಕ್ಷೆ: ಕೊಳವೆಯ ಒತ್ತಡ

ನೀರಿನ ಎತ್ತರ ಒಂದು ಮೀಟರ್ ಹೆಚ್ಚಿದಂತೆ ಒತ್ತಡ ಸುಮಾರು 9.8 ಕಿಲೊಪ್ಯಾಸ್ಕಲ್ ಹೆಚ್ಚುತ್ತದೆ. ತಾರಸಿಯ ತೊಟ್ಟಿಯಲ್ಲಿನ ನೀರಿನ ಮಟ್ಟ ಷವರ್‌ಗಿಂತ 3 ಮೀಟರ್ ಮೇಲಿದ್ದರೆ ಅಲ್ಲಿ ದೊರೆಯುವ ಒತ್ತಡ ವಾತಾವರಣದ ಒತ್ತಡದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಗಲವಾದ ಷವರ್ ಕೊಳ್ಳುವ ಮುನ್ನ ಈ ಎತ್ತರವನ್ನು ಅಳೆಯಿರಿ. ಇಲ್ಲದಿದ್ದರೆ ನೀರು ತೊಟ್ಟಿಕ್ಕುತ್ತದೆ ಅಷ್ಟೆ. ಬಿಸಿನೀರಿಗೆ ಸಾಮಾನ್ಯ ಪಿವಿಸಿ ಕೊಳವೆ ಮೆತ್ತಗಾಗುವುದರಿಂದ ಸಿಪಿವಿಸಿ ಬೇಕು. ಗೋಡೆಯ ಕಾಲುವೆಗಳಿಗೆ ಗಾರೆ ತುಂಬುವ ಮುನ್ನ ಎಲ್ಲ ಬಾಯಿಗಳಿಗೂ ಬಿರಡೆ ಹಾಕಿ, ಕೈಪಂಪಿನಿಂದ ಒತ್ತಡ ಏರಿಸಿ ಬಿಡಬೇಕು. ಮಾಪಕದ ಮುಳ್ಳು ಒಂದೆರಡು ಗಂಟೆ ಕದಲದಿದ್ದರೆ ಜೋಡಣೆಗಳು ಸರಿಯಾಗಿವೆ ಎಂದರ್ಥ.

ಎರಡನೆಯ ಪರೀಕ್ಷೆ: ನೀರು ನಿಲ್ಲಿಸಿ ನೋಡುವುದು

ಜಲನಿರೋಧಕ ಲೇಪ ಒಣಗಿದ ಮೇಲೆ ನೀರು ಹೊರಹೋಗುವ ಬಾಯಿ ಮುಚ್ಚಿ, ನೆಲದ ಮೇಲೆ ಎರಡು ಅಂಗುಲ ನೀರು ನಿಲ್ಲಿಸಿದೆವು. ಗೋಡೆಯ ಮೇಲೆ ಮಟ್ಟವನ್ನು ಗುರುತು ಮಾಡಿದೆವು. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಇಷ್ಟೇ. ಆದರೆ ನೀರು ಆವಿಯಾಗಿಯೂ ಇಳಿಯುತ್ತದೆ. ಆವಿಯಾದದ್ದೆಷ್ಟು, ಸೋರಿದ್ದೆಷ್ಟು? ಇದಕ್ಕೆ ನಾನು ಒಂದು ಅಗಲವಾದ ಪ್ಲಾಸ್ಟಿಕ್ ತಟ್ಟೆಯ ತುಂಬ ನೀರು ತುಂಬಿ ಅಲ್ಲೇ ಇಟ್ಟೆ. ತಟ್ಟೆ ಸೋರುವುದಿಲ್ಲ. ಅದರಲ್ಲಿ ಕಡಿಮೆಯಾದದ್ದೆಲ್ಲ ಆವಿ.

ಮೊದಲ ದಿನ ಗಾರೆ ಸ್ವಲ್ಪ ನೀರು ಹೀರುವುದರಿಂದ ಅದನ್ನು ಬಿಟ್ಟು, ಮುಂದಿನ 48 ಗಂಟೆಗಳ ಲೆಕ್ಕ ತೆಗೆದುಕೊಂಡೆವು. ನೆಲದ ನೀರು 12 ಮಿ.ಮೀ. ಇಳಿದಿತ್ತು. ಗುತ್ತಿಗೆದಾರರು, "ಬಿಸಿಲಿಗೆ ಆರಿರುತ್ತೆ ಸಾರ್, ಕೋಟಿಂಗ್ ಎರಡು ಸಲ ಕೊಟ್ಟಿದ್ದೀವಿ" ಎಂದರು. ತಟ್ಟೆಯಲ್ಲಿ ಇಳಿದದ್ದು 5 ಮಿ.ಮೀ. ಮಾತ್ರ. ಉಳಿದ 7 ಮಿ.ಮೀ. ಎಲ್ಲಿ ಹೋಯಿತು? ನೆಲದ ವಿಸ್ತೀರ್ಣ 3.7 ಚದರ ಮೀಟರ್. ಒಂದು ಚದರ ಮೀಟರ್‌ನಲ್ಲಿ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ಅಂದರೆ ಎರಡು ದಿನಗಳಲ್ಲಿ ಸುಮಾರು 26 ಲೀಟರ್ ಸೋರಿತ್ತು! ಅಡುಗೆಮನೆಯ ಛಾವಣಿಯಲ್ಲಿ ಇನ್ನೂ ಒಂದು ಹನಿಯೂ ಕಂಡಿರಲಿಲ್ಲ.

ಹುಡುಕಿದಾಗ ಹೊರಹೋಗುವ ಕೊಳವೆ ಗೋಡೆ ತೂರುವ ಜಾಗದಲ್ಲಿ ಸಂದು ಸಿಕ್ಕಿತು. ಅದನ್ನು ತುಂಬಿ, ಮತ್ತೆ ಲೇಪಿಸಿ, ಪುನಃ ನೀರು ನಿಲ್ಲಿಸಿದೆವು. ಈ ಸಲ ತಟ್ಟೆಯೂ ನೆಲವೂ ಸಮವಾಗಿ ಇಳಿದವು. ನಾವು ಬಳಸಿದ್ದು ಸಾಮಾನ್ಯ ಅಳತೆಪಟ್ಟಿ. ಅದರಲ್ಲಿ ಒಂದು ಮಿ.ಮೀ. ತಪ್ಪಿದರೆ ಲೆಕ್ಕದಲ್ಲಿ 3.7 ಲೀಟರ್ ತಪ್ಪು. ಹೆಚ್ಚು ದಿನ ಕಾದಷ್ಟೂ ಸಣ್ಣ ಸೋರಿಕೆಯೂ ಬೆಳಕಿಗೆ ಬರುತ್ತದೆ.

ಮೂರನೆಯ ಪರೀಕ್ಷೆ: ಇಳಿಜಾರು

80 ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಟ್ಟರೆ 8 ಅಡಿ ಉದ್ದಕ್ಕೆ ಸುಮಾರು 30 ಮಿ.ಮೀ. ಬರುತ್ತದೆ. ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯ ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಇದನ್ನು ಸುಲಭವಾಗಿ ಅಳೆಯಬಹುದು. ಟೈಲ್ಸ್ ಅಂಟಿಸುವ ಮುನ್ನ ಅಳೆಯಿರಿ. ಅಂಟಿಸಿದ ಮೇಲೆ ನಾಲ್ಕು ಮೂಲೆಗಳಲ್ಲಿ ಗೋಲಿ ಉರುಳಿಸಿ ನೋಡಿ.

ವಿದ್ಯುತ್ತಿನ ಎಚ್ಚರಿಕೆ

ಕೆಲವು ಹಳೆಯ ಮನೆಗಳಲ್ಲಿ ಕಬ್ಬಿಣದ ನೀರಿನ ಕೊಳವೆಯನ್ನೇ ಅರ್ತಿಂಗ್‌ಗೆ ನೆಚ್ಚಿಕೊಂಡಿರುತ್ತಾರೆ. ನವೀಕರಣದಲ್ಲಿ ಅದರ ಜಾಗಕ್ಕೆ ಪ್ಲಾಸ್ಟಿಕ್ ಬಂದರೆ ಆ ದಾರಿಯೇ ತುಂಡಾಗುತ್ತದೆ. ಗೀಸರ್‌ಗೆ ಪ್ರತ್ಯೇಕ ಅರ್ತಿಂಗ್ ತಂತಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. 16 ಆಂಪಿಯರ್‌ನ ಎಂಸಿಬಿ ತಂತಿಯನ್ನು ಕಾಪಾಡುತ್ತದೆ, ಮನುಷ್ಯನನ್ನಲ್ಲ. ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ದೇಹದ ಮೂಲಕ ಹರಿದರೂ ಪ್ರಾಣಕ್ಕೆ ಅಪಾಯ. ಆರ್‌ಸಿಸಿಬಿ ಎಂಬ ಸಾಧನ ಹೋಗುವ ಮತ್ತು ಹಿಂತಿರುಗುವ ವಿದ್ಯುತ್ತನ್ನು ಹೋಲಿಸಿ, ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು.

ನಮ್ಮ ಕೆಲಸ ಈ ಪರೀಕ್ಷೆಗಳಿಂದಾಗಿ ಒಂದು ವಾರ ತಡವಾಯಿತು. ಆ ವಾರದ ಕೂಲಿಯ ನಷ್ಟ ಗುತ್ತಿಗೆದಾರರೊಬ್ಬರ ಮೇಲೇ ಬೀಳಬಾರದೆಂದು ಅರ್ಧವನ್ನು ನಾವು ಭರಿಸಿದೆವು. ಕೆಲಸ ಮುಗಿಸಿ ಹೊರಡುವಾಗ ಅವರು ಆ ಪ್ಲಾಸ್ಟಿಕ್ ತಟ್ಟೆಯನ್ನು ಕೇಳಿ ತೆಗೆದುಕೊಂಡು ಹೋದರು. ಶಿಕ್ಷಕರು ಇದೇ ಪ್ರಯೋಗವನ್ನು ಶಾಲೆಯ ನೀರಿನ ತೊಟ್ಟಿಯಲ್ಲಿ ಮಕ್ಕಳಿಂದ ಮಾಡಿಸಬಹುದು. ಬೇಕಾದದ್ದು ಒಂದು ತಟ್ಟೆ, ಒಂದು ಅಳತೆಪಟ್ಟಿ, ಮೂರು ದಿನಗಳ ತಾಳ್ಮೆ.