ಕಲ್ಲು ಒಡೆಸುವ ಮುಂಚೆ ಈ ನಳಿಕೆ ಬೇಕೆ?

"ಕಲ್ಲು ಒಡೆಯೋಕೆ ಮುಂಚೆ ಒಳಗೆ ಒಂದು ಸ್ಟೆಂಟ್ ಹಾಕ್ತೀವಮ್ಮ" ಎಂದು ಡಾಕ್ಟರು ಹೇಳಿದ ಕೂಡಲೇ ತಲೆಯಾಡಿಸಿಬಿಡುತ್ತೀರಲ್ಲವೆ? ಒಂದು ಸೀರೆಗೆ ನಾಲ್ಕು ಅಂಗಡಿ ಹತ್ತಿ ಇಳಿಯುವ ನಾವು ಇಲ್ಲಿ ಮಾತ್ರ ಒಂದು ಪ್ರಶ್ನೆ ಕೇಳಲೂ ಹಿಂಜರಿಯುತ್ತೇವೆ!

ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಒಳಗಿನ ಅಗಲವೋ ಕೆಲವೇ ಮಿಲಿಮೀಟರ್. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಡಾ. ಕ್ರಿಶ್ಚಿಯನ್ ಚೌಸಿ ಮತ್ತು ಸಂಗಡಿಗರು ಮೊದಲ ಸಲ ಹೊಟ್ಟೆ ಕುಯ್ಯದೆ, ಹೊರಗಿನಿಂದಲೇ ಆಘಾತ ತರಂಗ ಹಾಯಿಸಿ ರೋಗಿಯ ಕಲ್ಲು ಒಡೆದರು. ಕಲ್ಲೇನೋ ಪುಡಿಯಾಗುತ್ತೆ, ಆದರೆ ಪುಡಿ ಹೊರಗೆ ಬರಬೇಕಾದದ್ದು ಈ ಸಪೂರ ನಾಳದಲ್ಲೇ. ಬಚ್ಚಲ ಮೋರಿಯಲ್ಲಿ ಮರಳು ಕಟ್ಟಿಕೊಂಡ ಹಾಗೆ ಚೂರುಗಳು ಸಾಲುಗಟ್ಟಿ ನಿಂತರೆ ಮೂತ್ರ ಹಿಂದಕ್ಕೆ ಒತ್ತುತ್ತದೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ 'ಕಲ್ಲಿನ ಬೀದಿ' ಅಂತಲೇ ಹೆಸರು.

ಹಾಗಾಗದಿರಲೆಂದು ಸ್ಟೆಂಟ್. ಮೆತ್ತನೆಯ, ತೂತುಗಳಿರುವ ನಳಿಕೆ. ಎರಡು ತುದಿಯೂ ಕೊಕ್ಕೆಯಂತೆ ಸುತ್ತಿರುತ್ತವೆ. ಒಂದು ಕೊಕ್ಕೆ ಮೂತ್ರಪಿಂಡದಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ.

ನಳಿಕೆ ಇದ್ದರೆ ಕಲ್ಲು ಬೇಗ ಹೋಗುತ್ತೆ ಎಂದುಕೊಂಡಿದ್ದರೆ ಆ ಎಣಿಕೆ ಸರಿಯಲ್ಲ. ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಿದಾಗ, ಕಲ್ಲು ಪೂರ್ತಿ ಹೋದವರ ಪ್ರಮಾಣ ಸ್ಟೆಂಟ್‌ನಿಂದ ಹೆಚ್ಚಲಿಲ್ಲ. ಕಲ್ಲು ನಾಳದಲ್ಲೇ ಇದ್ದರಂತೂ ನಳಿಕೆಯೇ ಅಡ್ಡ ಬರಬಹುದು. ನಾಳ ತಾನಾಗಿ ಹಿಂಡಿ ಹಿಂಡಿ ಚೂರನ್ನು ಕೆಳಕ್ಕೆ ತಳ್ಳುತ್ತದೆ. ಒಳಗೆ ನಳಿಕೆ ಕೂತರೆ ಆ ಹಿಂಡುವಿಕೆ ಮಂದವಾಗುತ್ತದೆ. ಅದಕ್ಕೇ ಅಮೆರಿಕ, ಯೂರೋಪಿನ ಮೂತ್ರರೋಗ ತಜ್ಞರ ಸಂಘಗಳು ಎಲ್ಲರಿಗೂ ರೂಢಿಯಂತೆ ಹಾಕುವುದು ಬೇಡ ಎನ್ನುತ್ತವೆ.

ಬೇಕಾದವರೂ ಇದ್ದಾರೆ. ಒಂದೇ ಮೂತ್ರಪಿಂಡ ಇರುವವರು, ಕಲ್ಲು ದೊಡ್ಡದಿದ್ದು 'ಬೀದಿ' ಕಟ್ಟುವ ಭಯವಿರುವವರು. ಕಲ್ಲು ಅಡ್ಡ ನಿಂತು ಚಳಿಜ್ವರ ಬಂದರಂತೂ ಪ್ರಾಣಕ್ಕೇ ಅಪಾಯ. ಮೊದಲು ಮೂತ್ರಕ್ಕೆ ದಾರಿ ಮಾಡಿ, ಸೋಂಕು ಇಳಿದ ಮೇಲೆ ಕಲ್ಲಿನ ಮಾತು. ಆದ್ದರಿಂದ "ನನಗೆ ಯಾಕೆ ಬೇಕು ಡಾಕ್ಟ್ರೇ?" ಅಂತ ಕೇಳಿ. ಮುಟ್ಟು ತಪ್ಪಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ, ಬಸುರಿಯರಿಗೆ ಈ ತರಂಗ ಕೊಡುವಂತಿಲ್ಲ.

ಸ್ಟೆಂಟ್ ಇದ್ದಷ್ಟು ದಿನ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಉರಿ, ಹೋಗುವಾಗ ಪಕ್ಕೆಯಲ್ಲಿ ಚುಚ್ಚಿದಂತೆ ನೋವು, ಮೂತ್ರ ನಸುಗೆಂಪಾಗುವುದು ಉಂಟು. ದೂರದ ಬಸ್ ಪ್ರಯಾಣವಿದ್ದರೆ ಹೆಂಗಸರ ಪಾಡು ಹೇಳತೀರದು. "ಉಷ್ಣ ಆಗಿದೆ" ಅಂತ ಮಜ್ಜಿಗೆ ಕುಡಿದು ಸುಮ್ಮನಿರಬೇಡಿ, ಇದಕ್ಕೆ ಮಾತ್ರೆಗಳಿವೆ. ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ನೋವಿಲ್ಲದವರಿಗೆ ಇನ್ನೊಂದು ಅಪಾಯ, ಮರೆವು! ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ನೀರೊಲೆ ಹಂಡೆಗೆ ಉಪ್ಪು ಕಟ್ಟಿದ ಹಾಗೆ ನಳಿಕೆಗೂ ಕಟ್ಟುತ್ತದೆ, ತೆಗೆಯಲು ಮತ್ತೆ ಆಪರೇಷನ್ ಬೇಕಾದೀತು. ಬಾಳೆದಿಂಡಿನ ಪಲ್ಯ ಮಾಡಿ ತಿನ್ನಿ, ರುಚಿಯಾಗಿರುತ್ತೆ, ಆದರೆ ಅದರಿಂದ ಸ್ಟೆಂಟ್ ಕರಗದು. ತೆಗೆಸಬೇಕಾದ ತಾರೀಖನ್ನು ಮನೆಗೆ ಹೊರಡುವ ಮುಂಚೆಯೇ ಕೇಳಿ, ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕಿಡಿ.